ಬಾತು ಕಾಲಿನ ಔಷಧಿ

ಒಂದು ನೆಲದ ಮೇಲಿನ ಮೋಹಕ್ಕೆ ಆರು ಬಾತುಮರಿಗಳ ಕಾಲು ಕೆಡಿಸಿದವನು ನಾನು. ಮೊದಲು ಕೆಡಿಸಿದ್ದು ಗೊತ್ತಿಲ್ಲದೆ. ಗೊತ್ತಾದ ಮೇಲೂ ಬಾಯಿ ಬಿಡದಿದ್ದದ್ದೇ ತಪ್ಪು. ಅದನ್ನು ಈಗಲಾದರೂ ಬರೆದು ಹಗುರಾಗುತ್ತೇನೆ.

ಅರವತ್ತರ ದಶಕದ ಆರಂಭ, ಮದುವೆಯಾದ ಹೊಸತು. ಶಿಡ್ಲಘಟ್ಟದ ನಮ್ಮ ಮನೆಯ ಪಡಸಾಲೆಗೆ ಕೆಂಪು ಸಿಮೆಂಟಿನ ನೆಲ ಹಾಕಿಸಿದ್ದೆ. ಬೀದಿಯಲ್ಲಿ ಮಿಕ್ಕವರದೆಲ್ಲ ಸಗಣಿ ಸಾರಿಸಿದ ನೆಲ. ನಾನು ದಿನಾ ತೆಂಗಿನೆಣ್ಣೆ ಹಾಕಿ ಉಜ್ಜಿ, ಬಂದವರಿಗೆಲ್ಲ "ಬಗ್ಗಿ ನೋಡಿ, ಮುಖ ಕಾಣ್ತದೆ" ಅನ್ನುತ್ತಿದ್ದೆ.

ಹೆಂಡತಿ ಚಿಂತಾಮಣಿ ಕಡೆಯವಳು, ಮನೆಮಾತು ತೆಲುಗು. ತವರಿನಿಂದ ಆರು ಬಾತಿನ ಮೊಟ್ಟೆಗಳನ್ನು ತೌಡಿನಲ್ಲಿ ಹುದುಗಿಸಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದು, ಕಾವಿಗೆ ಕೂತ ಕೋಳಿಯ ಕೆಳಗೆ ಇಟ್ಟಳು. ಆರೂ ಮರಿಯಾದವು. ಹದ್ದಿನ ಭಯಕ್ಕೆ ಅವನ್ನು ಪಡಸಾಲೆಯಲ್ಲಿ ಬಿಟ್ಟೆವು. ಎರಡೇ ದಿನಕ್ಕೆ ಅವು ಕಾಲುಗಳನ್ನು ಎರಡು ಕಡೆಗೆ ಚಾಚಿ, ನೆಲದ ಮೇಲೆ ಹೊಟ್ಟೆಯಲ್ಲೇ ಈಜತೊಡಗಿದವು.

"ಏಮಂಡೀ, ನಿಲ್ತಾನೇ ಇಲ್ವಲ್ರೀ! ನಿಲ್ಲದಿದ್ರೆ ತಿನ್ನಲ್ಲ, ತಿನ್ನದಿದ್ರೆ ಉಳಿಯಲ್ಲ," ಎಂದು ಅವಳು ಕಣ್ಣೊರೆಸಿಕೊಂಡಳು.

"ನಿಮ್ಮೂರಿನ ಮೊಟ್ಟೇನೇ ಸರಿಯಿಲ್ಲ ಕಣೇ," ಎಂದೆ.

ಮಾರನೆಯ ದಿನ ನಾನೊಬ್ಬನೇ ಇದ್ದೆ. ಒಂದು ಮರಿ ತೆವಳಿಕೊಂಡು ಹೋಗಿ, ರೇಷ್ಮೆಹುಳು ಸಾಕುವ ಹಳೆಯ ಬಿದಿರು ತಟ್ಟೆಯನ್ನು ಹತ್ತಿತು. ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯಿತು. ಕೆಳಗಿಳಿದದ್ದೇ ಜಾರಿ ಬಿತ್ತು. ತಪ್ಪು ಕಾಲಿನದಲ್ಲ, ನೆಲದ್ದು! ಸುತ್ತ ನೋಡಿ, ತಟ್ಟೆಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟೆ.

ಆದರೂ ಮನಸ್ಸು ಕುಟುಕುತ್ತಿತ್ತು. ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ಹೈಸ್ಕೂಲಿನ ಗೆಳೆಯನಿಗೆ ಹಾಲಿನವಳ ಕೈಲಿ ಚೀಟಿ ಕಳಿಸಿದೆ: 'ನಮ್ಮ ಮನೆಯವರ ಬಾತು ಕಾಲಿಗೆ ಔಷಧಿ ಕೊಡು. ನಡೆಯಲು ಆಗುತ್ತಿಲ್ಲ.' 'ಕೋಳಿ' ಎಂದು ಇನ್ನೆರಡು ಅಕ್ಷರ ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಒಂದು ಸೀಸೆ ತೈಲದ ಜೊತೆ ಉತ್ತರ ಬಂತು: 'ಎರಡು ಹೊತ್ತು ಹಚ್ಚಿ. ಕಾಲು ದಿಂಬಿನ ಮೇಲಿರಲಿ. ಬರಿ ನೆಲ ತುಳಿಯಬಾರದು. ಊಟಕ್ಕೆ ಉಪ್ಪು ಬೇಡ.'

"ಬಾತಿಗೆ ಉಪ್ಪು ಹಾಕಿದ್ದೋರು ಯಾರು?" ಎಂದಳು ಹೆಂಡತಿ. ಆದರೂ ದಿಂಬಿನ ಬದಲು ಗೋಣಿಚೀಲ ಹಾಸಿ ಮರಿಗಳನ್ನು ಅದರ ಮೇಲೆ ಬಿಟ್ಟಳು. ತೀರಾ ಕಾಲಗಲಿಸಿದ್ದ ಒಂದಕ್ಕೆ ಮೆತ್ತನೆಯ ರೇಷ್ಮೆ ಎಳೆಯಿಂದ, ಎರಡು ಕಾಲಿನ ನಡುವೆ ಒಂದು ಬೆರಳು ಜಾಗ ಬಿಟ್ಟು, ಸಡಿಲವಾಗಿ ಕಟ್ಟು ಹಾಕಿದಳು.

ಸಂಜೆ ಗೆಳೆಯನೇ ಓಡಿಬಂದ. "ಇದೇನಮ್ಮ, ಓಡಾಡ್ತಾ ಇದ್ದೀಯ! ಕೂತ್ಕೋ, ಎಷ್ಟು ಬಾತಿದೆ ನೋಡ್ತೀನಿ."

"ಆರು ಬಾತಿದಾವಣ್ಣ," ಎಂದು ಅವಳು ಗೋಣಿಚೀಲ ತೋರಿಸಿದಳು.

ಅವನು ಮರಿಗಳನ್ನೂ ನನ್ನನ್ನೂ ನೋಡಿದ. "ಲೋ, ಎಸ್ಸೆಸ್ಸೆಲ್ಸಿ ನಿನಗೆ ಯಾರೋ ಕೊಟ್ಟಿದ್ದು? ಊದಿದ ಕಾಲಿನ ತೈಲ ಕಣೋ ಅದು!" ಎಂದು ನಗುತ್ತಾ ಹೋದ. ತೈಲ ಮೂಲೆ ಸೇರಿತು.

ನಾಲ್ಕು ದಿನಕ್ಕೆ ಐದು ಮರಿಗಳು ಗೋಣಿಯ ಮೇಲೆ ಗತ್ತಿನಿಂದ ನಡೆದಾಡಿದವು. ಅವಳು ಒಂದನ್ನು ಎತ್ತಿ ಕೆಂಪು ನೆಲದ ಮೇಲೆ ಬಿಟ್ಟಳು. ಸರ್ರನೆ ಕಾಲಗಲಿಸಿತು.

"ಏಮಂಡೀ, ನಿಮ್ಮ ನೆಲ ಜಾರ್ತದೆ."

"ಜಾರ್ತದಾ? ನಾನು ಓಡಾಡಲ್ವಾ?" ಎಂದು, ಆಗಷ್ಟೇ ತೊಳೆದ ಒದ್ದೆ ಕಾಲಲ್ಲಿ ಎದೆಯುಬ್ಬಿಸಿ ನಾಲ್ಕು ಹೆಜ್ಜೆ ಹಾಕಿದೆ. ಐದನೆಯದಕ್ಕೆ ನಾನೂ ಬಾತುಮರಿಯ ಹಾಗೆಯೇ ಬಿದ್ದಿದ್ದೆ. ಪಾದ ಕುಂಬಳಕಾಯಿಯಂತೆ ಬಾತುಕೊಂಡಿತು.

ಮೂಲೆಯ ತೈಲ ಹೊರಗೆ ಬಂತು. ಚೀಟಿಯಲ್ಲಿದ್ದುದೆಲ್ಲ ಅಕ್ಷರಶಃ ಜಾರಿಯಾಯಿತು. ಕಾಲು ದಿಂಬಿನ ಮೇಲೆ, ಸಾರು ಸಪ್ಪೆ. ಪಡಸಾಲೆಗೆಲ್ಲ ಗೋಣಿ ಹಾಸಿದಳು. ಆರನೆಯ ಮರಿಯ ರೇಷ್ಮೆ ಕಟ್ಟು ಬಿಚ್ಚಿದ ದಿನ ಅದು ತುಸು ಓಲಾಡಿ, ನಡೆದುಬಂದು, ನನ್ನ ದಿಂಬಿನ ಪಕ್ಕ ನಿಂತು ನನ್ನನ್ನೇ ನೋಡಿತು. ನನಗೆ ತಡೆಯಲಾಗಲಿಲ್ಲ.

"ನಿಮ್ಮೂರ ಮೊಟ್ಟೆ ಚೆನ್ನಾಗಿತ್ತು ಕಣೇ. ನೆಲದ್ದೇ ತಪ್ಪು ಅಂತ ನನಗೆ ಆವಾಗಲೇ ಗೊತ್ತಿತ್ತು. ಮರಿ ನಿಂತಿದ್ದ ತಟ್ಟೇನ ನಾನೇ ಅಟ್ಟದ ಮೇಲೆ ಬಚ್ಚಿಟ್ಟೆ."

ಅವಳು ತಟ್ಟೆ ಇಳಿಸಿ ಮರಿಗಳ ಮುಂದಿಟ್ಟಳು. ಆಮೇಲೆ ಬಂದು ನನ್ನ ಪಾದವನ್ನು ಒತ್ತಿ ನೋಡಿದಳು. ಊತ ಪೂರ್ತಿ ಇಳಿದಿತ್ತು.

"ಇನ್ನೂ ಬಾತಿದೆ," ಎಂದಳು. "ಇನ್ನೊಂದು ವಾರ ಉಪ್ಪು ಬೇಡ."