ಟೀಚರ್ ಬಾಯಿ ಕಾಣದ ವರ್ಷ

ಊರಿನವರು ಅವರನ್ನು ಬಾಯಿ ಟೀಚರ್ ಎನ್ನುತ್ತಿದ್ದರು. ಜಗಳಗಂಟಿ ಎಂದಲ್ಲ, ಪಾಪ. ‘ಆ’ ಕಲಿಸಲು ಹೊರಟರೆ ಕಿರುನಾಲಗೆ ಕಾಣುವಷ್ಟು ಬಾಯಿ ತೆರೆಯುತ್ತಿದ್ದರು. ನೊಣವೊಂದು ಒಳಗೆ ಹೋಗಿ ಊರು ಸುತ್ತಿ ಬರಬಹುದು ಎಂದು ದೊಡ್ಡ ಮಕ್ಕಳು ನಗುತ್ತಿದ್ದರು. ಎರಡು ಕೋಣೆ, ಐದು ತರಗತಿ, ಟೀಚರ್ ಒಬ್ಬರೇ. ಸೋರುವ ಮೂಲೆ ಬಿಟ್ಟು ಉಳಿದ ಜಾಗದಲ್ಲಿ ಪಾಠ ನಡೆಯುತ್ತಿತ್ತು.

ಮುಂದಿನ ಬೆಂಚಿನಲ್ಲಿ ಇಟ್ಟಿಗೆ ಗೂಡಿನ ಕೆಲಸದವಳ ಮಗಳು ಕೂರುತ್ತಿದ್ದಳು. ಟೀಚರ್ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದುದರಿಂದ ಅವಳಿಗೆ ಪಿಳಿಪಿಳಿ ಎಂದೇ ಹೆಸರಾಗಿತ್ತು. ಒಂದನೇ ತರಗತಿ ಮುಗಿಯುವ ಮೊದಲೇ ಓದತೊಡಗಿದ ಹುಡುಗಿ. “ಇವಳನ್ನ ಟೀಚರ್ ಮಾಡಿಯೇ ನಾನು ರಿಟೈರ್ ಆಗೋದು” ಎಂದು ಟೀಚರ್ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಅಷ್ಟರಲ್ಲಿ ಆ ಹಾಳು ರೋಗ ಬಂತು, ಶಾಲೆಗೆ ಬೀಗ ಬಿತ್ತು. ಫೋನಿನಲ್ಲೇ ಪಾಠ ಮಾಡಿ ಎಂದರು ಮೇಲಿನವರು. ಹೇಳುವವರಿಗೇನು! ಟೀಚರ್ ತಮ್ಮ ದನಿಯನ್ನು ರೆಕಾರ್ಡ್ ಮಾಡಿ ಕಳಿಸಿದರು. ಬಹಳ ಮನೆಗಳಲ್ಲಿ ಫೋನೇ ಇರಲಿಲ್ಲ, ಇದ್ದ ಕಡೆ ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮತ್ತೆ ಬಾಗಿಲು ತೆರೆದಾಗ ಮಕ್ಕಳು ಉದ್ದಕ್ಕೆ ಬೆಳೆದಿದ್ದರು, ಅಕ್ಷರ ಮರೆತಿದ್ದರು. ಟೀಚರ್ ಮಾಸ್ಕ್ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದರು. ಉಳಿದವರು ಬಿದ್ದು ಎದ್ದು ಒಂದಿಷ್ಟು ದಾರಿಗೆ ಬಂದರು. ಪಿಳಿಪಿಳಿಯದು ಮಾತ್ರ ಇವರು ಹೇಳಿದ್ದೊಂದು, ಅವಳು ಬರೆದದ್ದೊಂದು. ಮಾಸ್ಕನ್ನೇ ದಿಟ್ಟಿಸುತ್ತಾ ಕೂರುತ್ತಿದ್ದಳು. ಒಂದು ದಿನ ಎದ್ದು ಬಂದು ಅದನ್ನು ಕೆಳಗೆ ಎಳೆದೇಬಿಟ್ಟಳು.

“ಏಯ್! ರೋಗ ಅಂಟಿಸ್ತೀಯಾ?” ಟೀಚರ್ ಅವಳ ಕೈಗೆ ಪಟ್ಟನೆ ಹೊಡೆದು, ಕೊನೆಯ ಬೆಂಚಿಗೆ ಕಳಿಸಿದರು.

ಕೆಲವು ವಾರ ಕಳೆದು ತಾಯಿ ಮಗಳ ಕೈ ಹಿಡಿದುಕೊಂಡು ಬಂದಳು. “ನಿಜ ಹೇಳಿ ಟೀಚರ್, ಇವ್ಳು ಕಲೀತಾಳಾ? ಇಲ್ಲಾಂದ್ರೆ ನನ್ ಜೊತೆ ಕೆಲಸಕ್ಕಾದ್ರೂ ಬರ್ಲಿ.”

ಅರಚಿ ಅರಚಿ ದಣಿದಿದ್ದ ಟೀಚರ್ ನೀರು ಕುಡಿಯಲು ಮಾಸ್ಕ್ ಇಳಿಸಿದ್ದರು. “ಏನ್ ಹೇಳ್ಲಮ್ಮ, ಇವಳ ತಲೆಗೆ ಹತ್ತಲ್ಲ” ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಹುಡುಗಿ ಬರಲಿಲ್ಲ.

ಇನ್ನು ಮಾಸ್ಕ್ ಬೇಡ ಎಂದಾದ ಮೇಲೆ, ಶಾಲೆ ಬಿಟ್ಟ ಮಕ್ಕಳನ್ನು ಕರೆತರಲು ಟೀಚರ್ ಇಟ್ಟಿಗೆ ಗೂಡಿಗೆ ಹೋದರು. ಪಿಳಿಪಿಳಿ ಆ ಕಡೆ ಮುಖ ಮಾಡಿ ಕೂತು ಅಚ್ಚಿಗೆ ಮಣ್ಣು ತುಂಬುತ್ತಿದ್ದಳು. ಕೂಗಿದರು, ತಿರುಗಲಿಲ್ಲ. ಗಂಟಲು ಹರಿಯುವಂತೆ ಕೂಗಿದರೂ ತಿರುಗಲಿಲ್ಲ.

“ಹಿಂದಿಂದ ಕರೆದ್ರೆ ಅವ್ಳು ತಿರುಗಲ್ಲ ಟೀಚರ್” ಎಂದಳು ತಾಯಿ. “ಚಿಕ್ಕೋಳಿದ್ದಾಗಿಂದ ಹಾಗೇ, ಹಠಮಾರಿ. ಎದುರಿಗೆ ಹೋಗಿ ಹೇಳಿ, ಎಲ್ಲಾ ತಿಳಿಯುತ್ತೆ.”

ಹುಡುಗಿ ಅಂದು ಮಾಸ್ಕ್ ಎಳೆದದ್ದು ಟೀಚರಿಗೆ ನೆನಪಾಯಿತು. ಆಮೇಲೆ ಹೋಗಿ ಹುಡುಗಿಯ ಎದುರು ಕೂತು, ದನಿಯೇ ಹೊರಡಿಸದೆ, ಮೊದಲಿನ ಹಾಗೆ ಬಾಯಿ ಅಗಲಿಸಿ ‘ಆನೆ’ ಎಂದರು. ಹುಡುಗಿಯ ಮುಖ ಅರಳಿತು. ಹಸಿ ಇಟ್ಟಿಗೆಯ ಮೇಲೆ ಬೆರಳಿನಿಂದ ‘ಆನೆ’ ಎಂದು ಬರೆದಳು.

ಅಯ್ಯೋ ದೇವರೇ! ಮಗುವಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ. ಅಷ್ಟೂ ಅಕ್ಷರವನ್ನು ಟೀಚರ್ ತುಟಿ ನೋಡಿಯೇ ಕಲಿತಿದ್ದಳು. ಮಕ್ಕಳ ಕಿವಿ ಪರೀಕ್ಷೆ ಮಾಡುವವರು ಆ ಶಾಲೆಯ ಮೆಟ್ಟಿಲು ಹತ್ತಿದ್ದೇ ಇಲ್ಲ. ಎದುರಿಗೇ ನಿಂತು ಕಲಿಸಿದ ಟೀಚರಿಗೂ ಗೊತ್ತಾಗಲಿಲ್ಲವಲ್ಲ!

“ತಪ್ಪಾಯ್ತು ಕಂದ. ನಾಳೆಯಿಂದ ಶಾಲೆಗೆ ಬಾ. ಮೊದಲನೇ ಬೆಂಚು ನಿಂದೇ. ಬರ್ತೀಯಲ್ವಾ?”

ಪಿಳಿಪಿಳಿ ಅಂಗೈಯಿಂದ ‘ಆನೆ’ಯನ್ನು ಒರೆಸಿ ಇಟ್ಟಿಗೆಯನ್ನು ನುಣ್ಣಗೆ ಮಾಡಿದಳು. ಶಾಲೆ ಮತ್ತೆ ತೆರೆದ ಮೇಲೆ, ಈ ದಿನಕ್ಕೆ ಮೊದಲು, ಅವಳು ಟೀಚರ್ ಬಾಯಿ ಕಂಡದ್ದು ಎರಡೇ ಸಲ. ಒಮ್ಮೆ ಬೈಗುಳ, ಇನ್ನೊಮ್ಮೆ ಅಮ್ಮನಿಗೆ ಹೇಳಿದ ಆ ಮಾತು. ಎರಡನ್ನೂ ಮರೆತಿರಲಿಲ್ಲ.

“ಇಲ್ಲ ಟೀಚರ್” ಎಂದಳು, ಟೀಚರ್ ಹಾಗೆಯೇ ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ. “ನನ್ ತಲೆಗೆ ಹತ್ತಲ್ಲ.”