ದೊಡ್ಡದೇ ಬೇಕೆಂದ ವಸಂತ ಸರ್

ವಸಂತ ಸರ್ ಗೋಳಿಬಜೆ ತಿನ್ನುತ್ತಲೇ ಕೀಬೋರ್ಡ್ ಒತ್ತುವವರು. ಆ ಕೀಬೋರ್ಡಿನ ಅಕ್ಷರಗಳು ಎಣ್ಣೆ ಕುಡಿದು ಮಾಸಿಹೋಗಿದ್ದವು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಮೆಡಿಕಲ್ ಅಂಗಡಿಯ ಮೇಲಿದ್ದ ಪುಟ್ಟ ಸಾಫ್ಟ್‌ವೇರ್ ಕಚೇರಿ ಅವರದು. ನನಗೆ ಕೆಲಸ ಕಲಿಸಿದವರು ಅವರೇ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ತಿಂಡಿಯಲ್ಲಿ ಪಾಲು ಕೊಟ್ಟು ತಿದ್ದಿಸುತ್ತಿದ್ದರು. ಆ ಋಣ ಇದೆ. ಹಾಗಂತ ಸಿಟ್ಟೇನೂ ಇಳಿದಿಲ್ಲ.

ಏನು ತಂದರೂ ದೊಡ್ಡದೇ ಆಗಬೇಕು, ಅದು ಅವರ ಹುಚ್ಚು. ಇಬ್ಬರಿರುವ ಮನೆಗೆ ಮದುವೆ ಅಡುಗೆಯವರ ಗ್ರೈಂಡರ್ ತಂದಿದ್ದರು. "ಸಣ್ಣದು ತಗೊಂಡ್ರೆ ನಾಳೆ ಪುನಃ ತಗೊಳ್ಬೇಕಾಗ್ತದೆ ಮಾರಾಯ್ತಿ" ಎನ್ನುತ್ತಿದ್ದರು.

ಬೆಳ್ತಂಗಡಿಯ ಒಂದು ಕ್ಲಿನಿಕ್ಕಿಗೆ ನಾವು ಆ್ಯಪ್ ಮಾಡುತ್ತಿದ್ದೆವು. ರೋಗಿಯ ಹಳೆಯ ವಿವರ ಹುಡುಕಿ ತೆಗೆಯಲು ಯಾವ ಸರ್ಚ್ ಟೂಲ್ ಹಾಕುವುದು ಎಂಬ ಪ್ರಶ್ನೆ ಬಂತು. ಡೇಟಾಬೇಸಿನ ಜೊತೆಗೇ ಬರುವ ಸಾದಾ ಹುಡುಕಾಟ ಸಾಕು ಎಂದೆ. ನಮ್ಮ ಕಡೆಯವರು ಮೊದಲು ಮನೆ ಹೆಸರು ಹೇಳುತ್ತಾರೆ, ಆಮೇಲೆ ತಮ್ಮ ಹೆಸರು. ಎರಡನ್ನೂ ಅದು ಹುಡುಕುತ್ತಿತ್ತು. ಮಾಡಿಯೂ ತೋರಿಸಿದೆ. ಸರ್ ಒಪ್ಪಲಿಲ್ಲ. ದೊಡ್ಡ ಕಂಪನಿಗಳು ಬಳಸುವ ದೈತ್ಯ ಟೂಲನ್ನೇ ತಂದರು. ಅದು ಕ್ಲಿನಿಕ್ಕಿನ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗಿದಾಗ, ಹೊರೆ ಇಳಿಸಲು ಮನೆ ಹೆಸರನ್ನೇ ಹುಡುಕಾಟದಿಂದ ತೆಗೆದರು. "ಹೆಸರು ಉಂಟಲ್ಲ, ಸಾಕು" ಎಂದರು.

ಆ್ಯಪ್ ಶುರುವಾದ ಮೊದಲ ದಿನ ನಾವಿಬ್ಬರೂ ಕ್ಲಿನಿಕ್ಕಿನಲ್ಲೇ ಇದ್ದೆವು. ಒಬ್ಬರು ಅಜ್ಜಿ ಬಂದು "ಪಡುಮನೆ ಕಮಲ" ಎಂದರು. ಪರದೆಯಲ್ಲಿ ಸಾಲುಸಾಲು ಕಮಲ. ರಿಸೆಪ್ಶನಿನ ಹುಡುಗಿ ಮೇಲಿದ್ದ ಕಮಲಳನ್ನು ಒತ್ತಿದಳು. ಡಾಕ್ಟರು ಸಕ್ಕರೆ ಕಾಯಿಲೆಯ ಮಾತ್ರೆ ಬರೆಯಹೊರಟರು. "ನನಗೆ ಶುಗರ್ ಇಲ್ಲ ಡಾಕ್ಟ್ರೇ, ಗಂಟು ನೋವು ಮಾತ್ರ" ಎಂದು ಹೇಳಿ ಅಜ್ಜಿ ಬಚಾವಾದರು. ಡಾಕ್ಟರು ಕೆಂಡಾಮಂಡಲವಾದರು. ವಸಂತ ಸರ್ ನನ್ನ ಕಡೆ ಕೈ ತೋರಿಸಿ, "ಸರ್ಚ್ ಇವಳೇ ಮಾಡಿದ್ದು. ಹೊಸಬಳು, ಕ್ಷಮಿಸಿ" ಎಂದುಬಿಟ್ಟರು. ಕಾಯುತ್ತಿದ್ದ ರೋಗಿಗಳೆಲ್ಲ ನನ್ನನ್ನೇ ನೋಡಿದರು. ಕ್ಲಿನಿಕ್ಕಿನ ಕೆಲಸ ಕೈತಪ್ಪಬಾರದೆಂದು ಮುಂದಿನ ತಿಂಗಳೇ ನನ್ನನ್ನು ಕೆಲಸದಿಂದ ಬಿಡಿಸಿದರು. ಮನೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಹಾಳಾಗಿಹೋಗಲಿ ಎಂದೇ ಬಯಸಿದೆ.

ಕಳೆದ ವರ್ಷ ಮಂಗಳೂರಿನ ಒಂದು ಕಂಪನಿಯಿಂದ ನನಗೆ ಫೋನ್ ಬಂತು. ಸರ್ ತಮ್ಮ ಕಚೇರಿ ಮುಚ್ಚಿ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ತಮ್ಮ ಬಗ್ಗೆ ವಿಚಾರಿಸಲು ನನ್ನ ನಂಬರು ಕೊಟ್ಟಿದ್ದರು. ನನ್ನ ನಂಬರು! ನನ್ನನ್ನು ಸುಟ್ಟ ಆ ದಿನ ಅವರಿಗೆ ನೆನಪೇ ಇರಲಿಲ್ಲ. ಮೈಯೆಲ್ಲ ಉರಿಯಿತು.

"ಕಲಿಸುವುದರಲ್ಲಿ ಅವರ ಹಾಗಿನವರು ಇಲ್ಲ" ಎಂದೆ. "ಆದ್ರೆ ಟೂಲ್ ಆರಿಸುವ ಕೆಲಸ ಮಾತ್ರ ಕೊಡ್ಬೇಡಿ. ತಪ್ಪಾದ್ರೆ ಬೇರೆಯವರನ್ನು ತೋರಿಸ್ತಾರೆ."

ಅವರಿಗೆ ಆ ಕೆಲಸ ಸಿಗಲಿಲ್ಲ. ಕೊನೆಗೆ ಬಂಟ್ವಾಳದ ಬಸ್‌ಸ್ಟಾಪಿನಲ್ಲಿ ಸಿಕ್ಕಿದರು, ಕೆಲಸಕ್ಕೆಂದು ಮಸ್ಕತ್ತಿಗೆ ಹೊರಡುವವರಿದ್ದರು.

"ಎಂತ ಹೇಳಿದ್ದು ನೀನು ಅವರಿಗೆ?"

"ಡಾಕ್ಟ್ರ ಎದುರು ನೀವು ಹೇಳದೆ ಬಿಟ್ಟದ್ದನ್ನು ಹೇಳಿದೆ ಸರ್."

ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಪಾಪ ಅನ್ನಿಸಬೇಕಿತ್ತು, ಗುರುವಲ್ಲವೇ. ಹಾಲು ಕುಡಿದಷ್ಟು ಸಂತೋಷವಾಯಿತು.