ದೇವರ ಮನೆಯ ಇನ್ನೊಂದು ಕೀ

ನಮ್ಮಪ್ಪ ಕಾರನ್ನು ಹಸುವಿನ ಹಾಗೆ ಸಾಕಿದ. ಮಹದೇವಪುರದ ನಮ್ಮ ಹೊಲ ಹೋಗಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಕೊಟ್ಟಿಗೆಗೆ ಬದಲು ಬೇಸ್‌ಮೆಂಟ್ ಸಿಕ್ಕಿತು, ಹಸುವಿಗೆ ಬದಲು ಈ ಕಾರು. ದಿನಾ ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿ, ಕಾಫಿಗೂ ಮುಂಚೆ ಕೆಳಗಿಳಿದು, ಕಾರು ಒರೆಸಿ ಸ್ಟಾರ್ಟ್ ಮಾಡುವುದು ಅವನ ನೇಮ. ಆಯಿಲ್ ಬದಲಾಯಿಸುವ ದಿನ ಶಿವಾಜಿನಗರದ ಮೆಕ್ಯಾನಿಕ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಇಷ್ಟು ಮುತುವರ್ಜಿ ನನ್ನ ಪರೀಕ್ಷೆಗೂ ಇರಲಿಲ್ಲ ಎಂದು ರೇಗಿಸುತ್ತಿದ್ದೆ.

ನಿಜಕ್ಕೂ ಕಾರು ಬೇಕಿದ್ದದ್ದು ಅಮ್ಮನಿಗೆ. ಮಂಡಿ ಹೋಗಿದೆ, ಆಟೊ, ಕ್ಯಾಬು ಯಾವುದನ್ನೂ ಹತ್ತಲಾರಳು. ಇದರ ಮುಂದಿನ ಸೀಟಿನ ಎತ್ತರ ಮಾತ್ರ ಅವಳಿಗೆ ಹೊಂದುತ್ತಿತ್ತು, ಯಾರ ಕೈಯನ್ನೂ ಹಿಡಿಯದೆ ಕೂರುತ್ತಿದ್ದಳು. ಭಾನುವಾರ ಹಲಸೂರಿನಲ್ಲಿರುವ ತನ್ನ ತಂಗಿಯ ಮನೆಗೆ ಹೋದರೆ ಉಂಟು, ಇಲ್ಲದಿದ್ದರೆ ಅವಳು ಹೊಸಿಲು ದಾಟುವುದೇ ಇಲ್ಲ.

ಈ ಸಲದ ಮಳೆಗೆ ಬೇಸ್‌ಮೆಂಟ್ ತುಂಬಿ ಬಾನೆಟ್ ಮುಳುಗಿತು. ನೀರು ತೆಗೆಸಿದ ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಕೀ ಮುಟ್ಬೇಡಿ ಸಾರ್. ಇಂಜಿನ್ ಒಳಗೆ ನೀರಿರುತ್ತೆ, ಸ್ಟಾರ್ಟ್ ಮಾಡಿದ್ರೆ ಮುರ್ದೋಗುತ್ತೆ. ನಾಳೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ," ಅಂದ.

ಅಪ್ಪನಿಗೆ ಹೇಳಿದೆ. ತಲೆಯಾಡಿಸಿದ. ಆದರೂ ನಂಬಿಕೆ ಸಾಲದೆ ಕೀಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಕಾರು ತಂದ ದಿನ ಪೂಜೆ ಮಾಡಿ ದೇವರ ಮನೆಯ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಕೀ ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಎದ್ದಾಗ ದೇವರ ಮನೆಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಮೊಳೆ ಬರಿದಾಗಿತ್ತು. ಓಡಿ ಕೆಳಗಿಳಿದೆ. ಅಪ್ಪ ಗಾಜು ಏರಿಸಿಕೊಂಡು ಒಳಗೆ ಕೂತಿದ್ದ.

"ಅಪ್ಪಾ, ಬೇಡ," ಎಂದು ಕೂಗಿದೆ. ಕೆಸರಿನಿಂದ ಕಾಲು ಕೀಳಲಾಗುತ್ತಿಲ್ಲ. ಅವನು ಎಂದಿನಂತೆ ಕೈಯೆತ್ತಿ, ತಾಳು ಎಂದು ಸನ್ನೆ ಮಾಡಿ ಕೀ ತಿರುಗಿಸಿದ. ಟಕ್ ಎಂದು ಒಳಗೇನೋ ಮುರಿಯಿತು. ಆಮೇಲೆ ಸದ್ದಿಲ್ಲ.

"ನೆಂದಿರೋ ದನಾನ ಹಂಗೇ ಬಿಟ್ಟು ಕಾಫಿ ಕುಡಿಯೋಕಾಗುತ್ತಾ?" ಅಂದ, ಇಳಿಯದೆ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್ ಬಂದು ನೋಡಿ ಬಾನೆಟ್ ಮುಚ್ಚಿದ. ಇಷ್ಟು ಹಳೇ ಗಾಡಿಗೆ ಬೇರೆ ಇಂಜಿನ್ ಎಲ್ಲೂ ಸಿಗೋಲ್ಲ ಅಂದ. ಅಪ್ಪ ಒರೆಸುವ ಬಟ್ಟೆ ಮಡಿಸಿಕೊಂಡು ನಿಂತಿದ್ದ. ಈಗಲೂ ದಿನಾ ಕೆಳಗಿಳಿದು ಒರೆಸಿ ಬರುತ್ತಾನೆ.

ನಿನ್ನೆ ಶನಿವಾರ. ಅಮ್ಮ ಸೀರೆ ತೆಗೆದಿಟ್ಟುಕೊಂಡು, "ನಾಳೆಗಾದ್ರೂ ಕಾರ್ ಸರಿಯಾಗುತ್ತಾ?" ಎಂದಳು. ಅಪ್ಪ ನನ್ನ ಮುಖ ನೋಡಿದ.

"ಪಾರ್ಟ್ ಇನ್ನೂ ಬಂದಿಲ್ಲಮ್ಮ," ಅಂದೆ, ಹೋದ ವಾರ ಅಂದ ಹಾಗೆಯೇ.